ಐದು ಸಾವಿರದ ಮುಂಗಡ, ಒಂದೂವರೆ ಗಂಟೆಯ ಕುರ್ಚಿ

ಪತ್ರದ ಸಾರ: ಬೆಂಗಳೂರಿನ ಬ್ಯಾಂಕ್ ಉದ್ಯೋಗಿಯೊಬ್ಬರು ಬರೆದಿದ್ದಾರೆ. ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುವಾಗ, ಶುಲ್ಕ ಎಷ್ಟೆಂದು ಕೇಳಿಕೊಂಡು ಬರೋಣವೆಂದು ಒಂದು ಜಿಮ್‌ನ ಮೆಟ್ಟಿಲು ಹತ್ತಿದರು. ಇಳಿಯುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು ಮತ್ತು 5,000 ರೂಪಾಯಿ ಮುಂಗಡ ಯುಪಿಐ ಮೂಲಕ ಹೋಗಿಯಾಗಿತ್ತು. 32,000 ರೂಪಾಯಿಯ ವಾರ್ಷಿಕ ಶುಲ್ಕ ಅಂದು ರಾತ್ರಿಯವರೆಗೆ ಮಾತ್ರ 18,999, ಅದರ ಮೇಲೆ ಶೇ. 18 ಜಿಎಸ್‌ಟಿ ಎಂದು ಹೇಳಿದ್ದರಂತೆ. ಮರುದಿನ ಬೆಳಿಗ್ಗೆ ಬೇಡವೆಂದು ಫೋನ್ ಮಾಡಿದರೆ, ಮುಂಗಡ ಹಿಂದಿರುಗಿಸುವ ಪದ್ಧತಿಯಿಲ್ಲ, ಬೇಕಾದರೆ ಸದಸ್ಯತ್ವಕ್ಕೆ ಹೊಂದಿಸಿಕೊಳ್ಳುತ್ತೇವೆ ಎಂಬ ಉತ್ತರ ಬಂತು. ‘ನಾನೇ ಶಾಖೆಯಲ್ಲಿ ಗಿರಾಕಿಗಳಿಗೆ ವಿಮೆ ಮಾಡಿಸುವವಳು, ನನಗೇ ಹೀಗಾಯಿತಲ್ಲ? ಆ ಹಣ ವಾಪಸು ಬರುತ್ತದೆಯೇ? ಇನ್ನೊಮ್ಮೆ ಇಂಥ ಕಡೆ ಹೋದರೆ ಹೇಗೆ ಎದ್ದು ಬರಬೇಕು?’ ಎಂದು ಕೇಳಿದ್ದಾರೆ.

ಮಾನ್ಯರೇ,

ನಿಮ್ಮ ಪತ್ರ ಓದಿ ಮುಗಿಸಿದ ಮೇಲೆ ಮೇಜಿನ ಡ್ರಾಯರ್ ಎಳೆದು, ಅದರ ಮೂಲೆಯಲ್ಲಿ ವರ್ಷಗಳಿಂದ ಬಿದ್ದಿರುವ ಒಂದು ಬೀಗದ ಕೈಯನ್ನು ಹೊರಗೆ ತೆಗೆದೆ. ಅದಕ್ಕೆ ಕಟ್ಟಿರುವ ಕೆಂಪು ಪ್ಲಾಸ್ಟಿಕ್ ಬಿಲ್ಲೆಯ ಮೇಲೆ 27 ಎಂದಿದೆ. ಒಂದು ವರ್ಷದ ಶುಲ್ಕವನ್ನು ಒಟ್ಟಿಗೇ ಕಟ್ಟಿ, ನಾನು ಲೆಕ್ಕವಿಟ್ಟು ಹನ್ನೊಂದು ದಿನ ಹೋಗಿ, ಐದನೆಯ ತಿಂಗಳಲ್ಲಿ ಯಾರಿಗೂ ಹೇಳದೆ ಷಟರ್ ಎಳೆದುಕೊಂಡ ಒಂದು ಜಿಮ್‌ನ ಲಾಕರ್‌ನ ಕೈ ಅದು. ಒಳಗೆ ನನ್ನದೊಂದು ಜೊತೆ ಬೂಟು, ಒಂದು ಟವೆಲ್ಲು ಉಳಿದವು. ಆದ್ದರಿಂದ ನಿಮಗೆ ಬುದ್ಧಿ ಹೇಳುವಷ್ಟು ಎತ್ತರದ ಪೀಠದಲ್ಲಿ ನಾನು ಕುಳಿತಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇನೆ.

‘ನನಗೇ ಹೀಗಾಯಿತಲ್ಲ’ ಎಂಬ ಮಾತಿನಲ್ಲಿ ನಾಚಿಕೆ ಇದೆ. ಆದರೆ ಮಾರ್ಚ್ ತಿಂಗಳ ಕೊನೆಯ ವಾರ ನಿಮ್ಮ ಶಾಖೆಯಲ್ಲಿ ಗುರಿ ಮುಟ್ಟಿಸುವ ಧಾವಂತ ಹೇಗಿರುತ್ತದೆಂದು ನೆನಪಿಸಿಕೊಂಡರೆ, ಗಾಜಿನ ಕ್ಯಾಬಿನ್ನಿನಲ್ಲಿ ನಿಮ್ಮೆದುರು ಕುಳಿತಿದ್ದ ಆ ಹುಡುಗನ ಸ್ಥಿತಿ ಅರ್ಥವಾಗುತ್ತದೆ. ಅವನ ಬಿಲ್ಲೆಯ ಮೇಲೆ ‘ಕೌನ್ಸೆಲರ್’ ಎಂದು ಬರೆದಿದ್ದರೂ ಅವನ ಕೆಲಸ ಮಾರಾಟ. ಮೂಲ ಸಂಬಳದ ಮೇಲೆ ಸಿಗುವ ಇನ್ಸೆಂಟಿವ್ ಆ ತಿಂಗಳು ಎಷ್ಟು ಜನರನ್ನು ಸೇರಿಸಿದ ಎಂಬುದರ ಮೇಲೆ ನಿಂತಿರುತ್ತದೆ. ‘ಇವತ್ತು ರಾತ್ರಿಯವರೆಗೆ ಮಾತ್ರ’ ಎಂಬ ಗಡುವು ಆ ಗುರಿಯಿಂದ ಹುಟ್ಟಿದ್ದು. ತಿಂಗಳ 5ನೆಯ ತಾರೀಖು ನಿಮಗೆ ಹೇಳಿದ ದರಕ್ಕಿಂತ 30ನೆಯ ತಾರೀಖಿನ ದರ ಕಡಿಮೆಯಾಗುವುದೇ ಹೆಚ್ಚು, ಏಕೆಂದರೆ ಆಗ ಆತುರ ನಿಮ್ಮದಾಗಿರುವುದಿಲ್ಲ.

ನಿಮಗೆ ಕೊಟ್ಟ ಆ ಚೀಟಿಯ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕೆರಳಿಸಿದ್ದು ಅದೇ. ಬೂಟು ಬಿಚ್ಚಿಸಿ ಒಂದು ಯಂತ್ರದ ಮೇಲೆ ನಿಲ್ಲಿಸಿ, ಎರಡೂ ಕೈಗೆ ಹಿಡಿ ಕೊಟ್ಟು, ಅರ್ಧ ನಿಮಿಷದಲ್ಲಿ ಮುದ್ರಿಸಿಕೊಟ್ಟ ಹಾಳೆಯಲ್ಲಿ 34 ವರ್ಷದ ನಿಮ್ಮ ‘ದೇಹದ ವಯಸ್ಸು’ 47 ಎಂದಿತ್ತಂತೆ, ಅದರ ಸುತ್ತ ಆತ ಕೆಂಪು ಪೆನ್ನಿನಲ್ಲಿ ವೃತ್ತ ಎಳೆದನಂತೆ. ಆ ಯಂತ್ರ ಮಾಡುವುದು ಇಷ್ಟೇ: ಸಣ್ಣ ಪ್ರಮಾಣದ ವಿದ್ಯುತ್ತನ್ನು ದೇಹದ ಮೂಲಕ ಹಾಯಿಸಿ, ಎದುರಾಗುವ ತಡೆಯನ್ನು ಅಳೆದು, ಕೊಬ್ಬು ಮತ್ತು ಸ್ನಾಯು ಎಷ್ಟಿರಬಹುದೆಂದು ಸೂತ್ರದ ಮೂಲಕ ಅಂದಾಜಿಸುತ್ತದೆ. ಆ ತಡೆ ದೇಹದಲ್ಲಿರುವ ನೀರಿನ ಮೇಲೆ ನಿಂತಿದೆ; ಊಟವಾಗಿದೆಯೇ, ನೀರು ಕುಡಿದಿದ್ದೀರಾ, ನಡೆದು ಬಂದಿದ್ದೀರಾ ಎಂಬುದಕ್ಕೆ ತಕ್ಕಂತೆ ಅಂಕಿ ಬದಲಾಗುತ್ತದೆ. ಇನ್ನು ‘ದೇಹದ ವಯಸ್ಸು’ ಎಂಬುದು ಯಂತ್ರ ತಯಾರಿಸಿದವರು ತಮ್ಮದೇ ಸೂತ್ರದಿಂದ ತೆಗೆಯುವ ಸಂಖ್ಯೆ, ವೈದ್ಯರ ತಪಾಸಣೆಯ ಫಲಿತಾಂಶವಲ್ಲ. ಭಯ ಹುಟ್ಟಿಸಿದ ಐದೇ ನಿಮಿಷದಲ್ಲಿ ದರಪಟ್ಟಿ ಹೊರಬಂದರೆ, ಆ ಹಾಳೆಯನ್ನು ಆರೋಗ್ಯದ ದಾಖಲೆಯೆಂದು ಫೈಲಿನಲ್ಲಿ ಇಡಬೇಕಾಗಿಲ್ಲ. ನಿಜಕ್ಕೂ ಆತಂಕವಿದ್ದರೆ ಮನೆ ಹತ್ತಿರದ ವೈದ್ಯರಲ್ಲಿ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿ.

ಎದ್ದು ಬರುವುದು ಹೇಗೆ ಎಂಬ ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದೊಳಗೇ ಇದೆ. ನೀವು ಬರೆದ ಸಂಭಾಷಣೆಯನ್ನು ಮತ್ತೊಮ್ಮೆ ಓದಿ ನೋಡಿ. ‘ಸ್ವಲ್ಪ ಜಾಸ್ತಿಯಾಯಿತು’ ಎಂದಿರಿ, ‘ನೋ ಕಾಸ್ಟ್ ಇಎಂಐ ಮಾಡಿಕೊಡ್ತೀನಿ ಮೇಡಂ’ ಎಂದ. ‘ಸಮಯ ಸಿಗುತ್ತದೋ ಇಲ್ಲವೋ’ ಎಂದಿರಿ, ‘ಮೆಂಬರ್‌ಶಿಪ್ಪನ್ನ ಮೂರು ತಿಂಗಳು ಫ್ರೀಜ್ ಮಾಡ್ಕೋಬಹುದು ಮೇಡಂ’ ಎಂದ. ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದಿರಿ, ಅಷ್ಟರಲ್ಲಿ ಒಳಗಿನಿಂದ ಬಂದ ಮ್ಯಾನೇಜರ್ ಕುರ್ಚಿ ಎಳೆದುಕೊಂಡು, ‘ನಿಮ್ಮ ಆರೋಗ್ಯ ನೋಡ್ಕೊಳ್ಳೋಕೂ ಮನೆಯವರ ಪರ್ಮಿಷನ್ ಬೇಕಾ ಮೇಡಂ?’ ಎಂದರು. ನೀವು ಕೊಟ್ಟ ಒಂದೊಂದು ಕಾರಣವೂ ಅವರಿಗೆ ಒಂದೊಂದು ಕೊಕ್ಕೆಯಾಯಿತು. ಪ್ರತಿಯೊಂದಕ್ಕೂ ಉತ್ತರ ಅವರ ತರಬೇತಿಯಲ್ಲೇ ಸಿದ್ಧವಾಗಿರುತ್ತದೆ. ಬೇಡವೆನ್ನಲು ಕಾರಣ ಕೊಡಲೇಬೇಕೆಂಬುದು ನಮ್ಮ ದಾಕ್ಷಿಣ್ಯ. ಕುಡಿಯಲು ನೀರು ಕೊಟ್ಟಿದ್ದಾರೆ, ಒಂದು ಗಂಟೆ ಹೊತ್ತು ಎಲ್ಲ ಸುತ್ತಿ ತೋರಿಸಿದ್ದಾರೆ, ಬರಿಗೈಯಲ್ಲಿ ಏಳುವುದು ಹೇಗೆ ಎಂಬ ಸಂಕೋಚ. (ದಾಕ್ಷಿಣ್ಯದ ಬಗ್ಗೆ ನಮ್ಮಲ್ಲೊಂದು ಗಾದೆಯಿದೆ, ನಿಮಗೆ ಗೊತ್ತಿರುತ್ತದೆ, ಇಲ್ಲಿ ಅಚ್ಚು ಹಾಕಲು ನನಗೆ ದಾಕ್ಷಿಣ್ಯ.)

ಆದ್ದರಿಂದ ಕಾರಣ ಕೊಡಬೇಡಿ. ‘ದರ ಮತ್ತು ನಿಯಮಗಳನ್ನು ವಾಟ್ಸಾಪ್‌ಗೆ ಕಳಿಸಿ, ಓದಿ ನಾಳೆ ತಿಳಿಸುತ್ತೇನೆ’ ಎಂಬ ಒಂದೇ ವಾಕ್ಯವನ್ನು ಎದ್ದು ನಿಂತು ಹೇಳಿ. ಅವರು ಏನೇ ಹೇಳಿದರೂ ಅದೇ ಪದಗಳಲ್ಲಿ ಅದನ್ನೇ ಮತ್ತೆ ಹೇಳಿ. ಎದ್ದು ನಿಲ್ಲುವುದು ಮುಖ್ಯ, ಕುಳಿತವರನ್ನು ಒಪ್ಪಿಸುವುದು ಸುಲಭ. ಈ ಮಾತಿಗೆ ಪ್ರಾಮಾಣಿಕ ಜಿಮ್‌ನವರು ಖಂಡಿತ ಕಳಿಸುತ್ತೇವೆ ಎನ್ನುತ್ತಾರೆ. ಬರಹದಲ್ಲಿ ಕೊಡುವುದಿಲ್ಲ, ಇಲ್ಲೇ ತೀರ್ಮಾನಿಸಿ ಎನ್ನುವವರ ವಿಷಯದಲ್ಲಿ ನಿಮ್ಮ ತೀರ್ಮಾನ ಅಲ್ಲಿಗೇ ಮುಗಿಯಿತು. ನಾನು ಈಗ ಪಾಲಿಸುವ ನಿಯಮವೂ ಒಂದೇ: ವಿಚಾರಿಸಲು ಹೋದ ದಿನ ಹಣ ಕಟ್ಟುವುದಿಲ್ಲ. ವಿಚಾರಿಸುವ ಜಾಗ ಅವರದು, ತೀರ್ಮಾನಿಸುವ ಜಾಗ ನಮ್ಮ ಅಡುಗೆಮನೆ. ಆಮೇಲೆ ಬರುವ ಕರೆಗಳ ಕಾಟ ತಪ್ಪಿಸಲು 1909ಕ್ಕೆ ಕರೆ ಮಾಡಿ ನಿಮ್ಮ ಸಂಖ್ಯೆಯನ್ನು ಡಿಎನ್‌ಡಿಗೆ, ಅಂದರೆ ಮಾರಾಟದ ಕರೆ ಬೇಡವೆನ್ನುವವರ ಪಟ್ಟಿಗೆ, ನೋಂದಾಯಿಸಿಕೊಳ್ಳಬಹುದು.

ಜಿಎಸ್‌ಟಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಜಿಮ್, ಯೋಗ ಕೇಂದ್ರ, ಸಲೂನುಗಳ ಸೇವೆಯ ಮೇಲಿನ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. 18,999ರ ಮೇಲೆ ನಿಮಗೆ ಹೇಳಿದ ಲೆಕ್ಕದಲ್ಲಿ ತೆರಿಗೆ ಸುಮಾರು 3,420 ರೂಪಾಯಿ, ಈಗಿನ ದರದಲ್ಲಿ 950. ಹಳೆಯ ದರಪಟ್ಟಿಯನ್ನೇ ಓದಿದರೋ, ಬೇರೆ ಉದ್ದೇಶವಿತ್ತೋ, ನಾನು ಹೇಳಲಾರೆ. ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲು ಕೇಳಿದರೆ ಅದು ತಾನಾಗಿ ಇತ್ಯರ್ಥವಾಗುತ್ತದೆ.

ಹಣದ ವಿಚಾರದಲ್ಲಿ ಹುಸಿ ಭರವಸೆ ಕೊಡಲಾರೆ. ನೀವು ಮಾಡಿಸುವ ಜೀವವಿಮೆಯಲ್ಲಿ ಪಾಲಿಸಿ ಕೈಗೆ ಬಂದ 30 ದಿನಗಳೊಳಗೆ ಗಿರಾಕಿ ಅದನ್ನು ಹಿಂದಿರುಗಿಸಬಹುದೆಂಬ ನಿಯಮ ನಿಮಗೆ ಬಾಯಿಪಾಠವಿರುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಜಿಮ್ ಸೇರಿದವರಿಗೆ ಮನಸ್ಸು ಬದಲಾಯಿಸಲು ಕಾನೂನೇ ಮೂರು ದಿನ ಕೊಡುತ್ತದೆ. ನಮ್ಮಲ್ಲಿ ಜಿಮ್ ಸದಸ್ಯತ್ವಕ್ಕೆ ಅಂಥ ನಿಗದಿತ ಅವಧಿಯಿಲ್ಲ. ಇದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ. ನೀವೇ ಪಿನ್ ಒತ್ತಿ ಕಳಿಸಿದ ಹಣವಾದ್ದರಿಂದ ಬ್ಯಾಂಕ್ ವಾಪಸು ತರಿಸುತ್ತದೆಂದು ಕಾಯುವಂತೆಯೂ ಇಲ್ಲ, ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೂ ನೀವು ಬರಿಗೈಯಲ್ಲಿಲ್ಲ. ‘ಹಣ ಹಿಂದಿರುಗಿಸುವುದಿಲ್ಲ’ ಎಂದು ಗೋಡೆಗೆ ಫಲಕ ತೂಗುಹಾಕಿದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದಾರಿತಪ್ಪಿಸುವ ಹೇಳಿಕೆಯಿಂದ ಮಾರುವುದನ್ನೂ, ಬಿಲ್ಲು ಕೊಡದಿರುವುದನ್ನೂ ಅನುಚಿತ ವ್ಯಾಪಾರ ಪದ್ಧತಿಯೆಂದೇ ಕರೆಯುತ್ತದೆ. 1872ರಷ್ಟು ಹಳೆಯ ಕರಾರು ಕಾಯ್ದೆಯ 74ನೆಯ ಕಲಮಿನ ತತ್ವವೂ ನಿಮ್ಮ ನೆರವಿಗೆ ಬರುತ್ತದೆ: ಕರಾರು ಮುರಿದವರು ಇಷ್ಟು ಹಣ ಕೊಡಬೇಕೆಂದು ಮೊದಲೇ ಬರೆದಿದ್ದರೂ ಎದುರಿನವರಿಗೆ ಸಲ್ಲುವುದು ನ್ಯಾಯವಾದ ಪರಿಹಾರ ಮಾತ್ರ. ಒಂದು ದಿನವೂ ವ್ಯಾಯಾಮಕ್ಕೆಂದು ಒಳಗೆ ಕಾಲಿಡದ ನೀವು ಮರುದಿನ ಬೆಳಿಗ್ಗೆಯೇ ಬೇಡವೆಂದಿದ್ದರಿಂದ ಅವರಿಗೆ 5,000 ರೂಪಾಯಿ ನಷ್ಟ ಹೇಗಾಯಿತೆಂದು ಅವರೇ ವಿವರಿಸಲಿ.

ಮೊದಲು ಒಂದು ಇಮೇಲ್ ಬರೆಯಿರಿ. ಫೋನಿನಲ್ಲಿ ಜಗಳವಾಡಬೇಡಿ, ಅದಕ್ಕೆ ದಾಖಲೆ ಉಳಿಯುವುದಿಲ್ಲ. ದಿನಾಂಕ, ಮೊತ್ತ, ಯುಪಿಐ ವಹಿವಾಟಿನ ಸಂಖ್ಯೆ, ಹಣ ಕಟ್ಟುವ ಮುನ್ನ ಯಾವುದೇ ನಿಯಮವನ್ನು ಓದಲು ಕೊಡಲಿಲ್ಲವೆಂಬ ಸಂಗತಿ, ತೆರಿಗೆಯ ಬಗ್ಗೆ ಹೇಳಿದ ತಪ್ಪು ಲೆಕ್ಕ, ಮರುದಿನವೇ ರದ್ದು ಕೋರಿದ್ದು, ಸೇವೆಯನ್ನು ಬಳಸಿಯೇ ಇಲ್ಲದಿರುವುದು, ಹದಿನೈದು ದಿನಗಳೊಳಗೆ ಹಣ ಹಿಂದಿರುಗಿಸಬೇಕೆಂಬ ಬೇಡಿಕೆ ಇವಿಷ್ಟು ಅರ್ಧ ಪುಟದಲ್ಲಿ ಬರಲಿ. ಆ ಹುಡುಗ ವಾಟ್ಸಾಪ್‌ನಲ್ಲಿ ಕಳಿಸಿದ ಸಂದೇಶಗಳನ್ನು ಅಳಿಸಬೇಡಿ, ‘ಕಂಗ್ರ್ಯಾಟ್ಸ್ ಮೇಡಂ’ ಎಂಬುದನ್ನೂ ಸೇರಿಸಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲಿಂದ ಸಂಸ್ಥೆಗೆ ವಿಚಾರಣೆ ಹೋದ ಮಾತ್ರಕ್ಕೇ ಎಷ್ಟೋ ಸಣ್ಣ ಮೊತ್ತಗಳು ಬಿಡುಗಡೆಯಾಗುತ್ತವೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದ್ದೇ ಇದೆ. ನೀವು ವಾಸವಿರುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ, ವಕೀಲರಿಲ್ಲದೆ ದೂರು ಸಲ್ಲಿಸಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಅಲ್ಲಿಗೆ ರಜೆ ಹಾಕಿ ಓಡಾಡುವ ದಿನಗಳ ಬೆಲೆಯನ್ನು ನೀವೇ ಲೆಕ್ಕ ಹಾಕಿಕೊಳ್ಳಬೇಕು. ನಡುವೆ ಅವರು ಐದುನೂರೋ ಸಾವಿರವೋ ಮುರಿದುಕೊಂಡು ಉಳಿದದ್ದನ್ನು ಕೊಡುತ್ತೇವೆಂದರೆ, ನಿಮ್ಮ ಜಾಗದಲ್ಲಿದ್ದರೆ ನಾನು ಒಪ್ಪಿಬಿಡುತ್ತಿದ್ದೆ.

ಇಎಂಐಗೆ ನೀವು ಸಹಿ ಹಾಕದೆ ಬಂದದ್ದು ದೊಡ್ಡ ಪುಣ್ಯ. ಆ ಹೆಸರಿನಲ್ಲಿ ಆಗುವುದು ಜಿಮ್‌ಗೆ ಕಂತು ಕಟ್ಟುವ ಏರ್ಪಾಡಲ್ಲ, ಒಂದು ಹಣಕಾಸು ಸಂಸ್ಥೆ ನಿಮ್ಮ ಹೆಸರಿನಲ್ಲಿ ಕೊಡುವ ಸಾಲ. ಜಿಮ್ ತನ್ನ ಹಣವನ್ನು ಆಗಲೇ ಪಡೆದಿರುತ್ತದೆ; ನಾಳೆ ಅದು ಷಟರ್ ಎಳೆದರೂ ಕಂತು ನಿಲ್ಲಿಸಿದವರೆಂದು ಸಾಲದ ದಾಖಲೆಯಲ್ಲಿ ಕಾಣುವುದು ನಿಮ್ಮ ಹೆಸರು. ಡಿಜಿಟಲ್ ಸಾಲ ಪಡೆದವರಿಗೆ ದಂಡವಿಲ್ಲದೆ ಹೊರಬರಲು ಕನಿಷ್ಠ ಒಂದು ದಿನದ ಅವಕಾಶ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಈ ಪತ್ರವನ್ನು ಓದುತ್ತಿರುವವರಲ್ಲಿ ನಿನ್ನೆಯಷ್ಟೇ ಅಂಥ ಸಾಲಕ್ಕೆ ಒಪ್ಪಿ ಬಂದವರಿದ್ದರೆ ಪುಟ ಮಡಚಿಟ್ಟು ಆ ಕೆಲಸ ಮೊದಲು ಮಾಡಲಿ.

‘ಹೇಗೂ ಐದು ಸಾವಿರ ಹೋಗಿದೆ, ಉಳಿದ ಹದಿನಾಲ್ಕು ಸಾವಿರ ಕಟ್ಟಿ ಸೇರಿಬಿಡಲೇ’ ಎಂದು ನೀವು ಪತ್ರದ ಕೊನೆಯ ಸಾಲಿನಲ್ಲಿ, ಅರ್ಧ ಮನಸ್ಸಿನಿಂದ, ಕೇಳಿದ್ದೀರಿ. ಅವರು ಹೊಂದಿಸಿಕೊಳ್ಳುತ್ತೇವೆ ಎಂದದ್ದು ನಿಮಗೆ ಈ ಯೋಚನೆ ಬರಲೆಂದೇ. ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಜಿಮ್‌ಗಳ ಏಳು ಸಾವಿರಕ್ಕೂ ಹೆಚ್ಚು ಸದಸ್ಯರ ಹಾಜರಿಯನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟಿ ಸದಸ್ಯರಾದವರು ಸರಾಸರಿ ತಿಂಗಳಿಗೆ 4.3 ಸಲ ಮಾತ್ರ ಹೋಗುತ್ತಿದ್ದರು. ಹತ್ತು ಸಲದ ಪಾಸು ಕೊಂಡಿದ್ದರೆ ಒಂದು ಸಲಕ್ಕೆ 10 ಡಾಲರ್ ಬೀಳುತ್ತಿದ್ದ ಕಡೆ ಅವರು 17ಕ್ಕೂ ಹೆಚ್ಚು ಕೊಟ್ಟಂತಾಗಿತ್ತು. ನಾವೇ ನಾಳೆಯ ನಮ್ಮ ಉತ್ಸಾಹವನ್ನು ಅಷ್ಟು ಹೆಚ್ಚು ಅಂದಾಜು ಮಾಡುತ್ತೇವೆ. ನನ್ನ ಹನ್ನೊಂದು ದಿನಗಳ ಲೆಕ್ಕವನ್ನಂತೂ ಇಲ್ಲಿ ಬಿಡಿಸುವುದಿಲ್ಲ.

ಜಿಮ್ ಬೇಕೇಬೇಕೆಂದಿದ್ದರೆ ಮಾಸಿಕ ಅಥವಾ ಮೂರು ತಿಂಗಳ ಶುಲ್ಕವಿರುವ ಕಡೆ ನೋಡಿ. ತಿಂಗಳ ಲೆಕ್ಕದಲ್ಲಿ ಅದು ದುಬಾರಿಯೇ, ಆದರೆ ಬಿಟ್ಟುಬರುವ ಸ್ವಾತಂತ್ರ್ಯಕ್ಕೆ ಕೊಡುವ ಬೆಲೆ ಅದು. ಇನ್ನೂ ತೆರೆಯದ ಶಾಖೆಗೆ ‘ಪ್ರೀ-ಲಾಂಚ್’ ದರವೆಂದು ವರ್ಷದ ಹಣ ಕೇಳುವವರಿಂದ ದೂರವಿರಿ. ನೋಡಲು ಹೋಗುವುದಾದರೆ ಸಂಜೆ ಆರಾಮಾಗಿ ಹೋಗದೆ, ನೀವು ದಿನಾ ಹೋಗಬೇಕೆಂದಿರುವ ಬೆಳಿಗ್ಗೆ ಆರೂವರೆಗೇ ಹೋಗಿ, ಒಂದು ದಿನದ ಪಾಸು ಕೇಳಿ. ಟ್ರೆಡ್‌ಮಿಲ್‌ಗೆ ಎಷ್ಟು ಜನ ಕಾಯುತ್ತಿದ್ದಾರೆ, ಹೆಂಗಸರ ಬಟ್ಟೆ ಬದಲಾಯಿಸುವ ಕೋಣೆ ಹೇಗಿದೆ, ಕೆಟ್ಟ ಯಂತ್ರದ ಮೇಲೆ ಅಂಟಿಸಿದ ಚೀಟಿ ಎಷ್ಟು ಹಳೆಯದು ಎಂಬುದನ್ನು ನೋಡಿ. ಬೆವರು ಒರೆಸಿಕೊಳ್ಳುತ್ತಿರುವ ಹಳೆಯ ಸದಸ್ಯರೊಬ್ಬರನ್ನು ಎಷ್ಟು ಕಟ್ಟಿದಿರಿ ಎಂದು ಕೇಳಿ. ಸೇರಿದ ವಾರದೊಳಗೆ ‘ಪಿಟಿ (ಪರ್ಸನಲ್ ಟ್ರೇನಿಂಗ್) ತಗೊಳ್ಳಿ ಮೇಡಂ’ ಎಂದು ಎರಡನೆಯ ಸುತ್ತು ಶುರುವಾಗುತ್ತದೆ, ಆಗಲೂ ಅದೇ ವಾಟ್ಸಾಪ್ ವಾಕ್ಯವನ್ನೇ ಬಳಸಿ.

ಇಮೇಲನ್ನು ಈ ವಾರವೇ ಕಳಿಸಿ. ಅದರ ಒಂದು ಪ್ರತಿ ನನಗೂ ಬರಲಿ. ಅವರಿಂದ ಏನು ಉತ್ತರ ಬಂತೆಂದು, ನಿಮ್ಮ ಒಪ್ಪಿಗೆಯಿದ್ದರೆ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ