ಮರಿಗಳ ಹಿಕ್ಕೆಯಲ್ಲಿ ರಕ್ತ

ಪ್ರಶ್ನೆ: ನಾಲ್ಕು ವಾರದ ಕೋಳಿಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಮುದುಡಿ ಕೂರುತ್ತಿವೆ. ಹಿಕ್ಕೆಯಲ್ಲಿ ರಕ್ತವಿದೆ. ಜಂತುಹುಳುವಿನ ಔಷಧಿ ಕೊಟ್ಟರೂ ಗುಣವಾಗಲಿಲ್ಲ. ಏನು ಮಾಡಲಿ?

ಉತ್ತರ: ಗುಣವಾಗುವುದಾದರೂ ಹೇಗೆ? ಇದು ಹುಳುವಿನ ಕಾಟದಂತೆ ಕಾಣುತ್ತಿಲ್ಲ. ಲಕ್ಷಣ ನೋಡಿದರೆ ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ. ಐಮೀರಿಯಾ ಎಂಬ ಒಂದೇ ಕೋಶದ ಜೀವಿ ಇದಕ್ಕೆ ಕಾರಣ. ಸತ್ತ ಮರಿಯಿದ್ದರೆ ಪಶುವೈದ್ಯರಿಗೆ ತೋರಿಸಿ, ಖಚಿತವಾಗುತ್ತದೆ. ಇಂಥ ಮರಿಯನ್ನು ಕೊಯ್ದಾಗ ನಾನು ಮೊದಲು ನೋಡುವುದು ಕುರುಡುಗರುಳನ್ನು, ಅಂದರೆ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವಲ್ಲಿನ ಚೀಲದಂಥ ಭಾಗವನ್ನು. ಅದು ಉಬ್ಬಿಕೊಂಡು, ಒಳಗೆ ರಕ್ತ ಹೆಪ್ಪುಗಟ್ಟಿರುತ್ತದೆ.

ವೈದ್ಯರು ಹೇಳಿದ ಪ್ರಮಾಣದಲ್ಲಿ ಆಂಪ್ರೋಲಿಯಂ ಎಂಬ ಔಷಧಿಯನ್ನು ಕುಡಿಯುವ ನೀರಿಗೆ ಬೆರೆಸಿ. ಬೇರೆ ನೀರು ಇಡಬೇಡಿ. ಶಕ್ತಿ ಬರಲಿ ಅಂತ ಆ ದಿನಗಳಲ್ಲೇ ಬಿ1 ವಿಟಮಿನ್ ಸುರಿಯುವವರಿದ್ದಾರೆ. ಅದು ಔಷಧಿಯ ಬಲವನ್ನೇ ಕುಗ್ಗಿಸುತ್ತದೆ.

ನಿಜವಾದ ಕಳ್ಳ ಒದ್ದೆ ಹಾಸು, ಅಂದರೆ ಗೂಡಿನ ನೆಲಕ್ಕೆ ಹರಡಿದ ಹೊಟ್ಟು. ಹಿಕ್ಕೆಯಲ್ಲಿ ಬಿದ್ದ ಐಮೀರಿಯಾದ ಮೊಟ್ಟೆಯಂಥ ಕಣಗಳು ಬಿಸಿ, ತೇವ ಸಿಕ್ಕರೆ 1–2 ದಿನದಲ್ಲೇ ರೋಗ ಹರಡಲು ತಯಾರು. ಸಾಮಾನ್ಯ ಫಿನಾಯಿಲ್‌ಗೆ ಅವು ಜಗ್ಗುವುದಿಲ್ಲ, ಸುಮ್ನೆ ಚೆಲ್ಲಬೇಡಿ. ಹಾಸನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಕೈ ಬಿಚ್ಚಿದ ಮೇಲೂ ಉಂಡೆಯಾಗಿಯೇ ಉಳಿದರೆ ತೇವ ಜಾಸ್ತಿ. ನೀರಿನ ಪಾತ್ರೆಯ ಸುತ್ತಲೇ ಮೊದಲು ನೋಡಿ, ಚೆಲ್ಲುವುದು ಅಲ್ಲೇ ಅಲ್ವಾ? ಅಷ್ಟನ್ನು ಗೋರಿ ತೆಗೆದು ಒಣ ಹೊಟ್ಟು ಹರಡಿ. ಪಾತ್ರೆಯನ್ನು ಮರಿಗಳ ಬೆನ್ನಿನ ಮಟ್ಟಕ್ಕೆ ಎತ್ತರಿಸಿ.