ಗಾಬ್ಲಿನ್ ಹುಡುಗಿ ಇರಲಿ, ಆ ‘ಜಾತಿ’ ಕಾಲಂ ತೆಗೀರಿ

ನಮಸ್ಕಾರ,

ನೀವು ಕಳಿಸಿದ "ಮನುಷ್ಯರಲ್ಲದ ಪಾತ್ರಗಳನ್ನು ಆಡುವುದು ಮತ್ತು ಆಡಿಸುವುದು" ಬರಹ ಸಿಕ್ತು. ಟೇಬಲ್‌ಟಾಪ್ ರೋಲ್‌ಪ್ಲೇಗೆ, ಅಂದ್ರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡೋ ಆಟಕ್ಕೆ, ಹೊಸದಾಗಿ ಬರೋರಿಗೆ ಕನ್ನಡದಲ್ಲಿ ಒಂದು ಕೈಪಿಡಿ, ಜೊತೆಗೆ ನೀವೇ ಕಟ್ಟಿದ ಒಂದು ನಾಡು, ಅದರಲ್ಲಿ ಎಲ್ಫು, ಡ್ವಾರ್ಫು, ಗಾಬ್ಲಿನ್ನು, ಹಕ್ಕಿ ಮೈಯೋರು, ಒಟ್ಟು ಹದಿನಾಲ್ಕು ಪುಟ. ಮ್ಯಾಪ್ ಚೆನ್ನಾಗಿದೆ, ಭಾಷೇಲಿ ತೊಡಕಿಲ್ಲ, ಹೊಳೆ ದಾಟೋ ರೂಲ್ ನಮ್ಮ ಟೇಬಲ್‌ಗೂ ತಗೊಳ್ತೀನಿ.

ಆದ್ರೆ ಈಗಿರೋ ಹಾಗೆ ಹಾಕೋಕಾಗಲ್ಲ. ಎರಡು ವಿಷಯ ನನಗೆ ಸಹಿಸೋಕೇ ಆಗ್ಲಿಲ್ಲ, ಅವೆರಡರ ಬಗ್ಗೆ ಮಾತ್ರ ಬರೀತೀನಿ. ದೇವರುಗಳ ಪಟ್ಟಿ, ಮ್ಯಾಜಿಕ್ ಐಟಂಗಳು ಇವನ್ನೆಲ್ಲ ಸದ್ಯಕ್ಕೆ ಮುಟ್ಟಲ್ಲ.

ಎರಡನೇ ಪುಟದಲ್ಲಿ ನಿಮ್ಮ ಸಾಲು: "ಎಲ್ಫ್‌ಗಳು ದೀರ್ಘಾಯುಷಿಗಳಾದ್ದರಿಂದ ಸ್ವಭಾವತಃ ಗಂಭೀರರೂ ಜ್ಞಾನಿಗಳೂ ಆಗಿರುತ್ತಾರೆ." ಇದನ್ನ ಓದಿದ ಆಟಗಾರ ಟೇಬಲ್‌ಗೆ ಬಂದು ಏನ್ ಮಾಡ್ತಾನೆ ಹೇಳಿ. ದನಿ ಸ್ವಲ್ಪ ಇಳಿಸ್ತಾನೆ, ನಿಧಾನಕ್ಕೆ ಮಾತಾಡ್ತಾನೆ, ಅರ್ಧ ಗಂಟೆ ಆದ್ಮೇಲೆ ಅದೂ ಮರೆತು ಹೋಗತ್ತೆ, ಆಮೇಲೆ ಮಿಕ್ಕೋರ ಹಾಗೇ ಆಡ್ತಾನೆ, ಪಾತ್ರದ ವಿವರ ಬರೆಯೋ ಶೀಟ್ ಮೇಲೆ ಮಾತ್ರ ಎಲ್ಫ್ ಅಂತ ಉಳ್ಕೊಳತ್ತೆ. ಗಂಭೀರ ಅನ್ನೋದನ್ನ ಆಡೋಕೆ ಬರಲ್ಲ. ಆ ಮೈ ಇರೋದ್ರಿಂದ ದಿನದಲ್ಲಿ, ರಾತ್ರೀಲಿ, ಊಟದಲ್ಲಿ, ದಾರೀಲಿ ಏನು ಬದಲಾಗತ್ತೆ ಅಂತ ಹೇಳಿಕೊಡಿ, ಅದನ್ನ ಆಡಬಹುದು. ಡಿ ಅಂಡ್ ಡಿ, ಅಂದ್ರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಎಡಿಷನ್‌ನಲ್ಲಿ ಎಲ್ಫ್ 750 ವರ್ಷದವರೆಗೂ ಬದುಕಬಹುದು ಅಂತಿದೆ, ಅದನ್ನ ನೀವು ತಗೊಂಡಿದ್ದೀರಿ, ಸರಿ. ಅದೇ ಪಟ್ಟಿಯಲ್ಲಿ ಇನ್ನೊಂದು ಇದೆ, ಎಲ್ಫ್ ನಿದ್ದೆ ಮಾಡಲ್ಲ, 4 ಗಂಟೆ ಧ್ಯಾನದ ಥರ ಟ್ರಾನ್ಸ್‌ನಲ್ಲಿ ಕೂತ್ರೆ ಮನುಷ್ಯರು 8 ಗಂಟೆ ಮಲಗಿದ್ದಕ್ಕೆ ಸಮ. ಅದನ್ನ ಬಿಟ್ಟುಬಿಟ್ಟಿದ್ದೀರಿ. 750 ವರ್ಷ ಯಾವ ಕ್ಯಾಂಪೇನ್‌ನಲ್ಲೂ (ವಾರಗಟ್ಟಲೆ ನಡೆಯೋ ಒಂದೇ ಕಥೆಯ ಆಟ) ಆಡಿ ಮುಗಿಯಲ್ಲ, ಆ 4 ಗಂಟೆ ಪ್ರತಿ ರಾತ್ರಿ ಬರತ್ತೆ.

ನನಗಿದು ಗೊತ್ತಾಗಿದ್ದು 2015ರಲ್ಲಿ. ಆಗಿನ್ನೂ ಆಡೋಕೆ ಶುರು ಮಾಡಿದ್ದೆ. ವಿಜಯನಗರದಲ್ಲಿ ಒಬ್ಬರ ಮನೆ ಟೆರೇಸ್ ಮೇಲೆ ಶೀಟ್ ಹಾಕಿದ ರೂಮು, ಭಾನುವಾರ ಮಧ್ಯಾಹ್ನ, ಐದು ಜನ. ಆಟ ನಡೆಸ್ತಿದ್ದ ಡಿಎಂ ನಮಗಿಂತ ಹತ್ತು ವರ್ಷ ದೊಡ್ಡೋರು, ಎಲ್ಲರೂ ಅಣ್ಣ ಅಂತಿದ್ವಿ. ನನ್ನದು ಎಲ್ಫ್. ನೀವು ಬರೆದ ಹಾಗೇ ಗಂಭೀರವಾಗಿ ಆಡ್ತಿದ್ದೆ. ಒಂದಿನ ಕಾಡಲ್ಲಿ ಕ್ಯಾಂಪ್ ಹಾಕಿದ್ವಿ, ಅಣ್ಣ ನನ್ನ ಕಡೆ ತಿರುಗಿ, "ಎಲ್ಲರೂ ಮಲಗಿದ್ರು. ನಿನ್ನ ಟ್ರಾನ್ಸ್ ಮುಗೀತು. ಬೆಳಗಾಗೋಕೆ ಇನ್ನೂ ನಾಲ್ಕು ಗಂಟೆ ಇದೆ, ಏನ್ ಮಾಡ್ತೀಯ?" ಅಂದ್ರು. ಕಾವಲು ಕಾಯ್ತೀನಿ ಅಂದೆ. "ಅದು ಇವತ್ತಿಗಾಯ್ತು. ಈ ಪ್ರಯಾಣ ಮೂರು ತಿಂಗಳಿದೆ ಕಣೋ. 90 ರಾತ್ರಿ, ರಾತ್ರಿಗೆ ನಾಲ್ಕು ಗಂಟೆ, 360 ಗಂಟೆ ನೀನೊಬ್ಬನೇ ಎದ್ದಿರ್ತೀಯ. ಏನ್ ಮಾಡ್ತೀಯ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಅವರು ಆತುರ ಮಾಡ್ಲಿಲ್ಲ, ಕೈಲಿದ್ದ ಡೈಸ್ ಕೆಳಗಿಟ್ರು, ಮಿಕ್ಕೋರೂ ಸುಮ್ನೆ ಕೂತ್ರು, ಕೊನೆಗೆ ನಾನು ಹೇಳಿದೆ, ಇವರ ಉಸಿರು ಎಣಿಸ್ತೀನಣ್ಣ ಅಂತ. ಅವರು ನೋಟ್‌ಬುಕ್ಕಲ್ಲಿ ಪೆನ್ಸಿಲ್‌ನಿಂದ ಏನೋ ಗೀಚ್ಕೊಂಡ್ರು, ಆಟ ಮುಂದುವರೀತು. ಮೂರು ವಾರ ಆದ್ಮೇಲೆ, ಯಾರೂ ಏನೂ ಕೇಳದೇ ಇರುವಾಗ, "ಈ ರಾತ್ರಿ ನಿನ್ನ ಲೆಕ್ಕ ತಾಳೆ ಆಗ್ತಿಲ್ಲ, ಕ್ಲೆರಿಕ್ ಉಸಿರು ನಿಮಿಷಕ್ಕೆ ಎರಡು ಕಮ್ಮಿ" ಅಂದ್ರು. ಕ್ಲೆರಿಕ್‌ಗೆ, ಅಂದ್ರೆ ನಮ್ಮ ಗುಂಪಿನ ಪೂಜಾರಿ ಪಾತ್ರಕ್ಕೆ, ಒಳಗೊಳಗೇ ವಿಷ ಏರ್ತಿತ್ತು, ಆ ಪಾತ್ರ ಆಡ್ತಿದ್ದ ಹುಡುಗನಿಗೇ ಗೊತ್ತಿರ್ಲಿಲ್ಲ. ಒಂದು ಡೈಸ್ ಉರುಳದೇ ನನಗೆ ಗೊತ್ತಾಯ್ತು, ನಾನು ಎಲ್ಫ್ ಆಗಿದ್ದಕ್ಕೆ. ಇವತ್ತಿಗೂ ಯಾರಾದ್ರೂ ಎಲ್ಫ್ ಆಡ್ತೀನಿ ಅಂತ ಬಂದ್ರೆ ನಾನು ಮೊದಲು ಕೇಳೋದು ಅಣ್ಣ ಕೇಳಿದ ಆ ಪ್ರಶ್ನೇನೇ.

ಈಗ ನಿಮ್ಮ ಸಾಲಿಗೆ ಬನ್ನಿ. "ಗಂಭೀರರೂ ಜ್ಞಾನಿಗಳೂ" ಹೊಡೆದುಹಾಕಿ, ಆ ಜಾಗದಲ್ಲಿ ಒಂದು ಪ್ರಶ್ನೆ ಬರೀರಿ, ಆಟಗಾರ ಉತ್ತರ ಹುಡುಕಲೇಬೇಕಾದ ಪ್ರಶ್ನೆ. ಹಕ್ಕಿ ಮೈಯೋರಿಗೆ "ಚುರುಕು ಬುದ್ಧಿಯವರು" ಅಂತ ಬರೆದಿದ್ದೀರಿ, ಅದನ್ನೂ ಹಾಗೇ ಮಾಡಿ. ಐದನೇ ಎಡಿಷನ್‌ಗೆ 2015ರಲ್ಲಿ ಬಂದ ಆರಕೋಕ್ರಾ ಅನ್ನೋ ಹಕ್ಕಿ ಜನ 3 ವರ್ಷಕ್ಕೆ ದೊಡ್ಡವರಾಗ್ತಾರೆ, ಸಾಮಾನ್ಯವಾಗಿ 30 ದಾಟಲ್ಲ. ಅಂಥವನನ್ನ 750ರ ಎಲ್ಫ್ ಪಕ್ಕ ಕೂರಿಸಿ ನೋಡಿ. ಎಲ್ಫ್ ಮುಂದಿನ ಮಳೆಗಾಲ ಕಳೀಲಿ ಆಮೇಲೆ ನೋಡೋಣ ಅಂತಾಳೆ, ಹಕ್ಕಿಗೆ ಅದು ಬದುಕಿನ ಮೂವತ್ತರಲ್ಲಿ ಒಂದು ಪಾಲು, ಅಲ್ಲೇ ಜಗಳ ಹತ್ಕೊಳತ್ತೆ, ನೀವು ಚುರುಕು ಅಂತ ಹೇಳೋದೇ ಬೇಕಾಗಲ್ಲ.

ನಾಲ್ಕನೇ ಪುಟ: "ಡ್ವಾರ್ಫ್‌ಗಳಿಗೆ ಕತ್ತಲಲ್ಲೂ ಹಗಲಿನಂತೆ ಕಣ್ಣು ಕಾಣುತ್ತದೆ." ಇದು ತಪ್ಪು, ಮತ್ತೆ ಈ ತಪ್ಪಿಂದ ಒಳ್ಳೇ ಆಟ ಕೈ ತಪ್ಪಿ ಹೋಗತ್ತೆ. ನೀವು ಐದನೇ ಎಡಿಷನ್ ರೂಲ್ ಇಟ್ಕೊಂಡೇ ಬರೆದಿದ್ದೀರಿ, ಅದರ 2014ರ ಪುಸ್ತಕದಲ್ಲಿ ಡ್ವಾರ್ಫ್ ಡಾರ್ಕ್‌ವಿಷನ್ 60 ಅಡಿ, ಕತ್ತಲು ಮಬ್ಬು ಬೆಳಕಿನ ಥರ ಕಾಣತ್ತೆ, ಬಣ್ಣ ತಿಳಿಯಲ್ಲ, ಎಲ್ಲಾ ಬೂದು. ಮಬ್ಬು ಬೆಳಕು ಅಂದಮೇಲೆ ಕಣ್ಣಿಂದ ಮಾಡೋ ಪರ್ಸೆಪ್ಶನ್ ಚೆಕ್‌ಗೆ, ಅಂದ್ರೆ ಏನಾದ್ರೂ ಕಣ್ಣಿಗೆ ಬಿತ್ತಾ ಅಂತ ತಿಳಿಯೋಕೆ, ಎರಡು ಡಿ20 (20 ಮುಖದ ಡೈಸ್) ಉರುಳಿಸಿ ಕಮ್ಮಿ ಬಂದಿದ್ದನ್ನ ತಗೋಬೇಕು. ನಿಮ್ಮ ಉದಾಹರಣೆಯಲ್ಲಿ ದೀಪ ಇಲ್ಲದ ಸುರಂಗದಲ್ಲಿ ಡ್ವಾರ್ಫ್ ಬಾಗಿಲ ಮೇಲಿನ "ಕೆಂಪು ಕಲೆ" ನೋಡಿ ರಕ್ತ ಅಂತ ಹೇಳ್ತಾನೆ. ಅವನಿಗೆ ಕೆಂಪು ಕಾಣಲ್ಲ ಸ್ವಾಮಿ. ಒದ್ದೆ ಕಲೆ ಕಾಣತ್ತೆ ಅಷ್ಟೇ, ರಕ್ತಾನೋ ನೀರೋ ಎಣ್ಣೆಯೋ ಗೊತ್ತಿಲ್ಲ, ಬೆರಳಿಟ್ಟು ಮೂಸಬೇಕು, ಇಲ್ಲಾಂದ್ರೆ ಪಂಜು ಹಚ್ಚಬೇಕು, ಪಂಜು ಹಚ್ಚಿದ್ರೆ ಸುರಂಗದಲ್ಲಿ ಇರೋರಿಗೆಲ್ಲ ಇವರು ಬಂದಿದ್ದು ಗೊತ್ತಾಗತ್ತೆ. ಇಷ್ಟು ಒಳ್ಳೇ ಸಂಕಟ ನಿಮ್ಮ ಕೈಲೇ ಇತ್ತು, "ಹಗಲಿನಂತೆ" ಅನ್ನೋ ಒಂದು ಪದ ಅದನ್ನ ನುಂಗಿಬಿಡ್ತು.

1978ರಲ್ಲಿ ಬಂದ ರೂನ್‌ಕ್ವೆಸ್ಟ್ ಅನ್ನೋ ಇನ್ನೊಂದು ರೋಲ್‌ಪ್ಲೇ ಆಟ ನೋಡಿ, ಅದರ ಗ್ಲೋರಾಂತಾ ಲೋಕದಲ್ಲಿ ಟ್ರೋಲ್‌ಗಳು ಕತ್ತಲಲ್ಲಿ ಸದ್ದಿನಿಂದ ‘ನೋಡ್ತಾರೆ’. ಅವರ ಮೂಲ ಮನೆ ಪಾತಾಳದ ಕತ್ತಲು, ಸತ್ತ ಸೂರ್ಯ ಅಲ್ಲಿಗೆ ಇಳಿದು ಬಂದಾಗ ಆ ಉರಿ ತಾಳಲಾರದೆ ಮೇಲಕ್ಕೆ ಓಡಿ ಬಂದ ಜನ ಅವರು. ಹೀಗಾಗಿ ಬೆಳಗಾದ್ರೆ ಪಾರ್ಟಿಯಲ್ಲಿ, ಅಂದ್ರೆ ಪಾತ್ರಗಳ ಗುಂಪಲ್ಲಿ, ಎಲ್ಲರಿಗೂ ಧೈರ್ಯ ಬರತ್ತೆ, ಟ್ರೋಲ್‌ಗೆ ಮಾತ್ರ ತನ್ನ ಮನೆ ಹಾಳು ಮಾಡಿದವನು ಮತ್ತೆ ಬಾಗಿಲಿಗೆ ಬಂದ ಹಾಗಿರತ್ತೆ. ನಾನು ಒಂದು ಕ್ಯಾಂಪೇನ್ ಪೂರ್ತಿ ಟ್ರೋಲ್ ಆಡಿದೀನಿ, ಪ್ರತಿ ಸೂರ್ಯೋದಯಕ್ಕೂ ಏನು ಮಾಡಬೇಕು ಅಂತ ಯಾರೂ ನನಗೆ ಹೇಳಿಕೊಡಬೇಕಾಗಿ ಬರ್ಲಿಲ್ಲ.

ಇನ್ನೊಂದು ವಿಷಯ. ಏಳನೇ ಪುಟ. ಇದನ್ನ ಓದಿ ನಾನು ಪೆನ್ನು ಕೆಳಗಿಟ್ಟು ಎದ್ದು ಹೋಗಿದ್ದೆ. "ಗಾಬ್ಲಿನ್‌ಗಳು ಹುಟ್ಟಾ ಕಳ್ಳ ಜಾತಿ. ಒಳ್ಳೆಯ ಗಾಬ್ಲಿನ್ ಆಡಬಯಸುವವರು ಡಿಎಂ ಅನುಮತಿ ಪಡೆಯಬೇಕು." ಜೊತೆಗೆ ನಿಮ್ಮ ಕ್ಯಾರೆಕ್ಟರ್ ಶೀಟ್‌ನಲ್ಲಿ ಹೆಸರು ಆದ್ಮೇಲೆ ಎರಡನೇ ಕಾಲಂ "ಜಾತಿ".

ಇಂಗ್ಲಿಷ್‌ನ ರೇಸ್ ಅನ್ನೋದಕ್ಕೆ ನಿಮಗೆ ತಕ್ಷಣ ಸಿಕ್ಕ ಪದ ಅದು ಅಂತ ಅರ್ಥ ಆಗತ್ತೆ, ಯಾಕಂದ್ರೆ ನನಗೂ ಅದೇ ಸಿಕ್ಕಿತ್ತು. ಕನ್ನಡದಲ್ಲಿ ಮೊದಲ ಸಲ ಶೀಟ್ ಮಾಡಿ ಪ್ರಿಂಟ್ ತೆಗೆಸಿದಾಗ ನಾನೂ ಜಾತಿ ಅಂತಲೇ ಹಾಕಿದ್ದೆ. ಡಿಗ್ರಿ ಓದ್ತಿದ್ದ ಒಬ್ಬಳು ಹುಡುಗಿ ಅವತ್ತೇ ಮೊದಲ ಸಲ ಆಡೋಕೆ ಬಂದಿದ್ಲು, ಬರೀ ಉತ್ಸಾಹ, ಹೆಸರು ಬರೆದ್ಲು, ಎರಡನೇ ಕಾಲಂ ಹತ್ರ ಕೈ ನಿಂತಿತು. "ಇದನ್ನ ಬರೀಲೇಬೇಕಾ ಅಣ್ಣ?" ಅಂದ್ಲು, ಮೆಲ್ಲಗೆ, ಪಕ್ಕದೋರಿಗೆ ಕೇಳಿಸದ ಹಾಗೆ. ನಿನ್ನದಲ್ಲಮ್ಮ, ಪಾತ್ರದ್ದು ಅಂತ ನಾನು ಹೇಳಿದೆ, ಅವಳು ತಲೆ ಆಡಿಸಿ ಬರೆದ್ಲು, ಆದ್ರೆ ಆ ಮಧ್ಯಾಹ್ನ ಪೂರ್ತಿ ಅವಳು ನಾಲ್ಕು ಮಾತೂ ಆಡ್ಲಿಲ್ಲ. ಸ್ಕೂಲ್ ಅಡ್ಮಿಷನ್ ಫಾರಂನಿಂದ ಹಿಡಿದು ಬಾಡಿಗೆ ಮನೆ ಕೇಳೋಕೆ ಹೋದಾಗ "ನಿಮ್ದು ಯಾವ್ ಜನ?" ಅನ್ನೋವರೆಗೂ ಆ ಪ್ರಶ್ನೆ ಎದುರಿಸಿದೋರು ನಮ್ಮ ಟೇಬಲ್‌ಗೆ ಬಂದು ಕೂತ್ರೆ ಅಲ್ಲೂ ಅದೇ ಕಾಲಂ ಇಟ್ಟಿದ್ದೆ ನಾನು. ಮಿಕ್ಕ ಪ್ರಿಂಟ್‌ಗಳನ್ನೆಲ್ಲ ಅವತ್ತೇ ಹರಿದು ಹಾಕಿದೆ. ಡಿ ಅಂಡ್ ಡಿ ಕೂಡ 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ರೇಸ್ ಬಿಟ್ಟು ಸ್ಪೀಷೀಸ್ ಅಂತ ಮಾಡ್ತು, ಸ್ಟ್ರೆಂಗ್ತ್, ಇಂಟೆಲಿಜೆನ್ಸ್ ಥರದ ಅಂಕಗಳಿಗೆ ಸಿಗೋ ಬೋನಸ್ಸನ್ನೂ ಹುಟ್ಟಿನಿಂದ ತೆಗೆದು ಪಾತ್ರದ ಹಿನ್ನೆಲೆಗೆ, ಅಂದ್ರೆ ಅದು ಮೊದಲು ಏನು ಕೆಲಸ ಮಾಡ್ಕೊಂಡು ಹೇಗೆ ಬದುಕ್ತಿತ್ತು ಅನ್ನೋದಕ್ಕೆ ಸೇರಿಸ್ತು. ನಾವೀಗ ಶೀಟ್‌ನಲ್ಲಿ "ಮೈ" ಅಂತ ಹಾಕ್ತೀವಿ. ಎಲ್ಫ್ ಮೈ, ಗಾಬ್ಲಿನ್ ಮೈ. ಪ್ರಭೇದ ಅಂತಲೂ ಹಾಕಬಹುದು, ಪಠ್ಯಪುಸ್ತಕದ ಪದ ಆದ್ರೂ ಯಾರ ಕೈಯನ್ನೂ ನಿಲ್ಲಿಸಲ್ಲ.

ಪದ ಬದಲಾಯಿಸಿದ್ರೂ "ಹುಟ್ಟಾ ಕಳ್ಳ" ಉಳಿಯತ್ತೆ, ಅದು ಪದಕ್ಕಿಂತ ಕೆಟ್ಟದ್ದು. ಈ ದೇಶದಲ್ಲಿ 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಅಂತ ತಂದ್ರು, ಸಮುದಾಯಕ್ಕೆ ಸಮುದಾಯವನ್ನೇ ಹುಟ್ಟಿನಿಂದ ಅಪರಾಧಿಗಳು ಅಂತ ಪಟ್ಟಿ ಮಾಡಿ, ಹೆಸರು ನೋಂದಾಯಿಸಿ, ಪೊಲೀಸರ ಮುಂದೆ ಹಾಜರಿ ಹಾಕಿಸಿ, ಊರು ಬಿಡೋಕೂ ಅಪ್ಪಣೆ ಕೇಳಬೇಕು ಅಂತ ಮಾಡಿದ್ರು. 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಕಾಯ್ದೆ ಹೋಗಿದ್ದು 1952ರಲ್ಲಿ, ಹಣೆಪಟ್ಟಿ ಎಷ್ಟೋ ಜನಕ್ಕೆ ಇನ್ನೂ ಹೋಗಿಲ್ಲ. ನಿಮ್ಮ "ಡಿಎಂ ಅನುಮತಿ ಪಡೆಯಬೇಕು" ಅನ್ನೋ ಸಾಲನ್ನ ಇದರ ಪಕ್ಕ ಇಟ್ಟು ಓದಿ. ನೀವು ಬೇಕು ಅಂತ ಹಾಗೆ ಬರೆದಿಲ್ಲ, ಗೊತ್ತು ನನಗೆ. ಹಳೇ ಎಡಿಷನ್‌ಗಳಲ್ಲಿ ಗಾಬ್ಲಿನ್ ಎದುರಿಗೆ ಈವಿಲ್ ಅಂತ ಅಚ್ಚು ಹಾಕಿರ್ತಿದ್ರು, ಅದನ್ನೇ ಕನ್ನಡಕ್ಕೆ ತಂದಿದ್ದೀರಿ. ಆದ್ರೆ ಕನ್ನಡಕ್ಕೆ ಬಂದ ಕೂಡಲೇ ಆ ಸಾಲಿಗೆ ನಮ್ಮ ಊರಿನ ನೆನಪುಗಳೆಲ್ಲ ಅಂಟ್ಕೊಳತ್ತೆ. ಗಾಬ್ಲಿನ್ ಕದೀತಾನೆ ಅಂದ್ರೆ ಯಾಕೆ ಕದೀತಾನೆ, ಯಾರ ಹೊಲ ಯಾರ ಕೈಗೆ ಹೋದ್ಮೇಲೆ ಶುರುವಾಯ್ತು, ಯಾವ ಗಾಬ್ಲಿನ್ ಕದಿಯಲ್ಲ, ಅಷ್ಟು ಬರೀರಿ.

ಇಷ್ಟೆಲ್ಲ ನಿಮಗೆ ಬರೆಯೋಕೆ ಬರತ್ತೆ ಅಂತ ನನಗೆ ಗೊತ್ತಾಗಿದ್ದು ಒಂಬತ್ತನೇ ಪುಟದಿಂದ. ರಾತ್ರಿ, ಊರ ಬಾಗಿಲು ಹಾಕಿದೆ, ಪಾರ್ಟಿಯ ಗಾಬ್ಲಿನ್ ಹುಡುಗಿ ಲಾಟೀನು ಎತ್ತಿ ಹಿಡಿದು ನಿಂತಿದ್ದಾಳೆ. "ಅವಳಿಗೆ ಕತ್ತಲಲ್ಲಿ ಕಾಣುತ್ತದೆ, ಲಾಟೀನು ಬೇಕಿಲ್ಲ. ತನ್ನ ಇನ್ನೊಂದು ಕೈ ಖಾಲಿ ಇರುವುದು ಕಾವಲುಗಾರನಿಗೆ ಕಾಣಲಿ ಎಂದು ಹಿಡಿದಿದ್ದಾಳೆ." ಈ ಸಾಲು ಓದಿ ನನ್ನ ಮೈ ಜುಮ್ ಅಂತು, ಮನೇಲಿ ಎಲ್ಲರಿಗೂ ಓದಿ ಹೇಳಿದೆ. ನಿಮ್ಮ ಏಳನೇ ಪುಟ ಸುಳ್ಳು ಅಂತ ಆ ಹುಡುಗಿಯೇ ಹೇಳ್ತಿದ್ದಾಳೆ. ಆದ್ರೆ ಮುಂದಿನ ಸಾಲಲ್ಲೇ ನೀವು "ಹೀಗೆ ಆಟಗಾರರು ತಮ್ಮ ಪಾತ್ರಗಳಿಗೆ ಜೀವ ತುಂಬಬಹುದು" ಅಂತ ಹೇಳಿ ಪ್ಯಾರಾ ಮುಗಿಸಿಬಿಟ್ಟಿದ್ದೀರಿ.

ಆ ಸಾಲು ತೆಗೀರಿ. ಕಾವಲುಗಾರ ಏನಂದ, ಪಾರ್ಟಿಯಲ್ಲಿ ಯಾರು ಮುಂದೆ ಬಂದು ನಿಂತ್ರು, ಯಾರು ಸುಮ್ಮನಿದ್ರು, ಆ ಹುಡುಗಿಯನ್ನ ಆಡ್ತಿದ್ದೋರು ಆಗ ಟೇಬಲ್‌ನಲ್ಲಿ ಏನ್ ಹೇಳಿದ್ರು, ನಡೆದ ಹಾಗೇ ಬರೆದು ಕಳಿಸಿ. ಬರಹ ಅಲ್ಲಿಂದಲೇ ಶುರುವಾಗಲಿ, ಎರಡನೇ ಪುಟ ಆಮೇಲೆ ಬರಲಿ. ಮ್ಯಾಪ್ ಹಾಗೇ ಇರಲಿ.