ಕ್ಯಾತ್ಸಂದ್ರ ತುಮಕೂರು ನಗರಕ್ಕೇ ಸೇರಿದ್ದರೂ ಬೇರೆ ಊರಿನ ಹಾಗೆ ಯಾಕೆ ಅನಿಸುತ್ತೆ?

ಯಾಕಂದ್ರೆ ಅದು ತುಮಕೂರು ಹಿಗ್ಗಿ ಹುಟ್ಟಿದ ಬಡಾವಣೆ ಅಲ್ಲ. ಮೊದಲಿಂದಲೂ ತನ್ನದೇ ಊರು. ಈಚೆಗೆ ನಗರವೇ ಬೆಳೆದು ಬಂದು ಅದನ್ನು ಮುಟ್ಟಿದೆ.

ಇಲ್ಲಿನ ಬದುಕು ಪೇಟೆಯನ್ನು ನೆಚ್ಚಿಕೊಂಡಿಲ್ಲ, ಬಂದುಹೋಗುವವರನ್ನು ನೆಚ್ಚಿಕೊಂಡಿದೆ. ಬೆಂಗಳೂರು ಹೆದ್ದಾರಿ ಇದೆ, ತನ್ನದೇ ರೈಲ್ವೆ ಸ್ಟೇಷನ್ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದಲ್ಲೇ ಸಿದ್ಧಗಂಗಾ ಮಠ ಇದೆ. 111 ವರ್ಷ ಬದುಕಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಬೆಳೆಸಿದ ಮಠ ಅದು. ಸಾವಿರಾರು ಬಡ ಮಕ್ಕಳಿಗೆ ಅಲ್ಲಿ ಊಟ, ವಸತಿ, ಓದು ಎಲ್ಲ ಉಚಿತ. ಮಕ್ಕಳನ್ನು ಬಿಡೋಕೆ, ನೋಡೋಕೆ ಅಂತ ಹಳ್ಳಿಗಳಿಂದ ಅಪ್ಪ ಅಮ್ಮ ಬರ್ತಾರೆ. ಶಿವರಾತ್ರಿ ಜಾತ್ರೆಗೆ ರೈತರು ಎತ್ತು ಹೊಡ್ಕೊಂಡು ಬರ್ತಾರೆ.

ಹೀಗೆ ಬಂದವರಿಗೆ ತಿಂಡಿ ಬೇಗ ಸಿಗಬೇಕು, ಹೊಟ್ಟೆ ತುಂಬಬೇಕು. ತಟ್ಟೆ ಇಡ್ಲಿ ಇಲ್ಲಿ ಇಷ್ಟು ಹೆಸರಾಗಿದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಬೆಳಿಗ್ಗೆ ಹೋಗಿ ನೋಡಿ: ಒಂದರ ಮೇಲೊಂದು ಜೋಡಿಸಿದ ತಟ್ಟೆಗಳನ್ನು ಹಬೆಯಿಂದ ತೆಗೀತಾರೆ, ಅಂಗೈಗಿಂತ ಅಗಲದ ಇಡ್ಲಿ ಮೇಲೆ ಬೆಣ್ಣೆ ಬೀಳುತ್ತೆ. ಅದು ಕರಗುವಷ್ಟರಲ್ಲಿ ಚಟ್ನಿ ಬಂದಿರುತ್ತೆ. ಪಕ್ಕದ ಮೇಜಿನಲ್ಲಿ ಲಾರಿ ಡ್ರೈವರ್, ಎದುರಿಗೆ ಮಠದಲ್ಲಿ ಓದೋ ಮಗನ ಜೊತೆ ಕೂತ ತಾಯಿ.